ಬಿಇ ಜೊತೆಗೆ ಜರ್ಮನ್: ಎರಡೂ ಆಗುತ್ತಾ, ಇಲ್ಲ ಸಬ್ಜೆಕ್ಟ್ ಫೇಲಾಗಿ ಬ್ಯಾಕ್ ಗ್ಯಾರಂಟಿನಾ?

ಬೆಣ್ಣೆದೋಸೆ_ಮೆಕ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ವಿಟಿಯು ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ, ಮೂರನೇ ಸೆಮ್. ಬಿಇ ಮುಗಿಸಿ ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡುವ ಆಸೆ. ಅದಕ್ಕೆ ಈಗಿನಿಂದಲೇ ಜರ್ಮನ್ ಶುರು ಮಾಡೋಣ ಅಂತ ಇದ್ದೇನೆ.

ಸಮಸ್ಯೆ ಏನಂದರೆ ಟೈಮು. ಬೆಳಿಗ್ಗೆ ಒಂಬತ್ತಕ್ಕೆ ಕ್ಲಾಸು, ಬಿಡುವುದು ನಾಲ್ಕೂವರೆಗೆ. ಆಮೇಲೆ ಲ್ಯಾಬ್ ರೆಕಾರ್ಡು, ಅಸೈನ್‌ಮೆಂಟು, ಇಂಟರ್ನಲ್ಸು. ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಬೇರೆ ತಲೆ ತಿನ್ನುತ್ತಿದೆ. ಅಪ್ಪ "ಮೊದಲು ಸಬ್ಜೆಕ್ಟ್ ಪಾಸಾಗು, ಆಮೇಲೆ ಜರ್ಮನಿ" ಅನ್ನುತ್ತಾರೆ. ರೂಮ್‌ಮೇಟ್ "ಜರ್ಮನ್ ಬಿಡು, ಜಪಾನಿ ಕಲಿ, ಅಲ್ಲಿ ಇಂಜಿನಿಯರ್‌ಗಳಿಗೆ ಡಿಮ್ಯಾಂಡ್ ಇದೆ" ಅನ್ನುತ್ತಾನೆ.

ಒಂದು ಆನ್‌ಲೈನ್ ಕೋಚಿಂಗ್‌ನವರು ದಿನಾ ಫೋನ್ ಮಾಡುತ್ತಿದ್ದಾರೆ. ಮೂರು ತಿಂಗಳಲ್ಲಿ ಬಿ1 (ಎ1, ಎ2, ಬಿ1, ಬಿ2 ಹೀಗೆ ಏರುವ ಭಾಷಾ ಮಟ್ಟಗಳಲ್ಲಿ ಮೂರನೆಯದು) ಮುಗಿಸುತ್ತಾರಂತೆ, ಫೀಸು 45 ಸಾವಿರ, ಕೆಲಸ ಗ್ಯಾರಂಟಿಯಂತೆ. ಸೇರಲಾ? ಹೀಗೆ ಡಿಗ್ರಿ ಜೊತೆಗೆ ಭಾಷೆ ಕಲಿತವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪಿಸ್ಟನ್_ರಿಂಗ್

ನಾನೂ ವಿಟಿಯು, ನಾನೂ ಮೆಕ್. ಈಗ ಸ್ಟುಟ್‌ಗಾರ್ಟ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿಕೋ ತಮ್ಮಾ.

ಮೊದಲು ಕೋಚಿಂಗ್ ವಿಷಯ ಮುಗಿಸಿಬಿಡೋಣ. ಬಿ1 ಮಟ್ಟಕ್ಕೆ ಬರಲು 45 ನಿಮಿಷದ ಪಾಠಗಳು 350ರಿಂದ 650 ಬೇಕು ಅನ್ನುವುದು ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯ್ಥೆ ಇನ್‌ಸ್ಟಿಟ್ಯೂಟ್‌ನ ಅಂದಾಜು. ಕಡಿಮೆ ಲೆಕ್ಕವನ್ನೇ ಹಿಡಿ. 350 ಪಾಠ ಅಂದರೆ 260 ಗಂಟೆಗೂ ಜಾಸ್ತಿ. ಮೂರು ತಿಂಗಳಿಗೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ ಮೂರು ಗಂಟೆ, ಭಾನುವಾರವೂ ಸೇರಿ. ಬಿಇ ಓದುತ್ತಾ ಇದು ಆಗುವ ಮಾತಾ? ಅವರು ಪುಸ್ತಕ ಮುಗಿಸುತ್ತಾರೆ, ಅದು ನಿಜ. ನಿನಗೆ ಭಾಷೆ ಬಂತಾ ಇಲ್ವಾ ಅನ್ನುವುದು ಅವರ ತಲೆನೋವಲ್ಲ. ಇನ್ನು ಕೆಲಸ ಗ್ಯಾರಂಟಿ ಅನ್ನುವ ಮಾತು ಕೇಳಿದ ತಕ್ಷಣ ಫೋನ್ ಇಟ್ಟುಬಿಡು.

ಈಗ ಅದೇ ಲೆಕ್ಕವನ್ನು ತಿರುಗಿಸಿ ಹಾಕು. ದಿನಕ್ಕೆ ಬರೀ ಅರ್ಧ ಗಂಟೆ. ವರ್ಷಕ್ಕೆ 180 ಗಂಟೆ ಚಿಲ್ಲರೆ, ಅಂದರೆ ಸುಮಾರು 240 ಪಾಠ. ಎರಡು ವರ್ಷಕ್ಕೆ 480. ನೀನು ಮೂರನೇ ಸೆಮ್‌ನಲ್ಲಿದ್ದೀಯ, ಕೈಯಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಇದೆ. ಪರೀಕ್ಷೆಯ ತಿಂಗಳು ಬಿಟ್ಟರೂ ಆರಾಮಾಗಿ ಬಿ1 ಹತ್ತಿರ ಬರುತ್ತೀಯ.

ಇನ್ನೊಂದು ವಿಷಯ. ಅಡ್ಮಿಷನ್‌ಗೆ ಜರ್ಮನ್ ಬರಲೇಬೇಕು ಅಂತೇನಿಲ್ಲ. ಇಂಗ್ಲಿಷ್‌ನಲ್ಲಿ ಪಾಠ ಮಾಡುವ ಮಾಸ್ಟರ್ಸ್ ಕೋರ್ಸುಗಳು ಬೇಕಾದಷ್ಟಿವೆ. ನನ್ನದೂ ಅಂಥದ್ದೇ. ಭಾಷೆಯ ಬೆಲೆ ಗೊತ್ತಾಗುವುದು ಇಲ್ಲಿಗೆ ಬಂದ ಮೇಲೆ. ಇಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, 2024ರಿಂದ ಹೀಗಿದೆ. ನಮ್ಮ ಫೀಲ್ಡ್‌ನಲ್ಲಿ ಒಳ್ಳೆಯ ಪಾರ್ಟ್ ಟೈಮ್ ಅಂದರೆ ಕಂಪನಿಗಳಲ್ಲಿ ವರ್ಕ್ ಸ್ಟೂಡೆಂಟ್ ಕೆಲಸ. ಅದರ ಜಾಹೀರಾತು ಹೆಚ್ಚಿನವು ಜರ್ಮನ್‌ನಲ್ಲೇ ಇರುತ್ತವೆ. ಶಾಪ್ ಫ್ಲೋರ್‌ನಲ್ಲಿ ಮೆಷಿನ್ ನೋಡಿಕೊಳ್ಳುವ ಅಂಕಲ್ ನಿನ್ನ ಜೊತೆ ಇಂಗ್ಲಿಷ್ ಮಾತಾಡುವುದಿಲ್ಲ. ಸಾಫ್ಟ್‌ವೇರ್‌ನವರು ಹೇಗೋ ದಾಟಿಕೊಳ್ಳುತ್ತಾರೆ. ನಮಗೆ ಕಷ್ಟ.

ಮುಂದೆ ಇಲ್ಲೇ ಇರುವ ಯೋಚನೆ ಇದ್ದರೆ ಇನ್ನೂ ಒಂದು ಲಾಭ. ಬ್ಲೂ ಕಾರ್ಡ್ (ಡಿಗ್ರಿ ಇರುವ ವಿದೇಶಿ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಇರುವವರಿಗೆ ಎ1 ಜರ್ಮನ್ ಇದ್ದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ ಸಿಗುತ್ತದೆ, ಬಿ1 ಇದ್ದರೆ 21 ತಿಂಗಳಿಗೇ.

ಹಾಗಾಗಿ ನನ್ನ ಅಭಿಪ್ರಾಯ: ವಿಮಾನ ಹತ್ತುವ ಹೊತ್ತಿಗೆ ಗಟ್ಟಿಯಾದ ಎ2 ಇರಲಿ. ಬಿ1 ಆದರೆ ಬಹಳ ಒಳ್ಳೆಯದು. ಅದಕ್ಕಿಂತ ಮೇಲಿನದನ್ನು ದಾವಣಗೆರೆಯಲ್ಲಿ ಕೂತು ಯೋಚಿಸಬೇಡ.

ಚಾಕ್‌ಪೀಸ್_ಮೇಷ್ಟ್ರು

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು. ಕಹಿ ಮಾತು ಹೇಳುವವರೂ ಒಬ್ಬರು ಬೇಕಲ್ಲ, ಹೇಳುತ್ತೇನೆ.

ಜರ್ಮನ್ ವಿಶ್ವವಿದ್ಯಾಲಯಗಳು ನಿಮ್ಮ ಸಿಜಿಪಿಎಯನ್ನು ತಮ್ಮ ಅಳತೆಗೆ ಬದಲಿಸಿಕೊಳ್ಳುತ್ತವೆ. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಜಸ್ಟ್ ಪಾಸ್. ಸೂತ್ರ ಸುಲಭ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಪಾಸು ಅಂಕದ ನಡುವಿನ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಪಾಸು 4 ಅಂತ ಹಿಡಿದರೆ ಸಿಜಿಪಿಎ 8 ಇದ್ದವನಿಗೆ 2.0 ಬರುತ್ತದೆ, 7 ಇದ್ದವನಿಗೆ 2.5. ಎಷ್ಟೋ ಕೋರ್ಸುಗಳು 2.5ಕ್ಕೇ ಗೆರೆ ಎಳೆಯುತ್ತವೆ. ಜರ್ಮನ್ ಬಿ1 ಇದೆ, ಸಿಜಿಪಿಎ 6.5 ಅಂದರೆ ಬಾಗಿಲ ಹೊರಗೇ ನಿಲ್ಲಬೇಕು. ಸಿಜಿಪಿಎ 8.5 ಇದೆ, ಜರ್ಮನ್ ಸೊನ್ನೆ ಅಂದರೆ ಒಳಗೆ ಹೋಗಿ ಕಲಿಯಬಹುದು. ಯಾವುದು ಮುಖ್ಯ ನೀವೇ ಹೇಳಿ.

ಪ್ರತಿ ವರ್ಷ ನೋಡುತ್ತೇನೆ. ಎರಡನೇ ವರ್ಷದಲ್ಲಿ ಉತ್ಸಾಹದಿಂದ ಏನೇನೋ ಕೋರ್ಸ್ ಸೇರುತ್ತಾರೆ. ಐದನೇ ಸೆಮ್‌ಗೆ ಎರಡು ಬ್ಯಾಕ್ ಇರುತ್ತದೆ, ಕೋರ್ಸೂ ಅರ್ಧಕ್ಕೆ ನಿಂತಿರುತ್ತದೆ. ಅಪ್ಪ ಹೇಳಿದ್ದರಲ್ಲಿ ತಪ್ಪೇನೂ ಇಲ್ಲಪ್ಪ.

ಸುಮ್ನೆ_ಕಲಿಯೋಳು

ಮೇಷ್ಟ್ರೇ, ಬ್ಯಾಕ್ ಬರುವುದು ಜರ್ಮನ್ ಓದಿದ್ದಕ್ಕಾ, ರಾತ್ರಿ ಎರಡರವರೆಗೆ ರೀಲ್ಸ್ ನೋಡಿದ್ದಕ್ಕಾ? ಅರ್ಧ ಗಂಟೆ ಭಾಷೆ ಕಲಿತು ಫೇಲಾದವರನ್ನು ನಾನಂತೂ ನೋಡಿಲ್ಲ.

ನಾನು ಮೈಸೂರಿನಲ್ಲಿ ಬಿಕಾಂ ಓದುತ್ತಾ ಕೊರಿಯನ್ ಕಲಿಯುತ್ತಿದ್ದೇನೆ. ಯಾಕೆ ಅಂದರೆ ಇಷ್ಟ, ಅಷ್ಟೇ. ಈ ಚರ್ಚೆಯಲ್ಲಿ ಎಲ್ಲರೂ ವೀಸಾ, ಪರವಾನಗಿ, ಸಂಬಳ ಅಂತಲೇ ಮಾತಾಡುತ್ತಿದ್ದೀರಿ. ಇಷ್ಟಪಟ್ಟು ಕಲಿಯುವವರಿಗೆ ದಿನಾ ಕೂರಲು ಯಾರೂ ಬಲವಂತ ಮಾಡಬೇಕಿಲ್ಲ. ಕೊರಿಯನ್ ಅಕ್ಷರ ಮೂಲದಲ್ಲಿ 24 ಮಾತ್ರ, ಒಂದು ವಾರಾಂತ್ಯದಲ್ಲಿ ಓದಲು ಬರುತ್ತದೆ. 15ನೇ ಶತಮಾನದಲ್ಲಿ ಸೆಜೊಂಗ್ ರಾಜ ಜನಸಾಮಾನ್ಯರಿಗಾಗಿಯೇ ಮಾಡಿಸಿದ ಲಿಪಿ ಅದು. ಆಮೇಲಿನ ವ್ಯಾಕರಣವೂ ನಮಗೆ ಪರಕೀಯ ಅನ್ನಿಸುವುದಿಲ್ಲ, ಕ್ರಿಯಾಪದ ಕೊನೆಗೇ ಬರುತ್ತದೆ.

ನನ್ನ ಪ್ರಶ್ನೆ ಬೆಣ್ಣೆದೋಸೆಯವರಿಗೆ. ಜರ್ಮನಿ ಬೇಡ ಅಂತಾದರೂ ಜರ್ಮನ್ ಕಲಿಯುತ್ತೀರಾ? ಇಲ್ಲ ಅಂದರೆ ಮೇಷ್ಟ್ರ ಮಾತು ಕೇಳುವುದೇ ಒಳ್ಳೆಯದು.

ಕಾಗುಣಿತ

ಜಪಾನಿ ವಿಷಯ ಬಂತಲ್ಲ, ನಾನು ಹೇಳುತ್ತೇನೆ. ಬಿಎಸ್ಸಿ ಓದುವಾಗ ಶುರು ಮಾಡಿದೆ. ಈಗ ಎನ್2 (ಜಪಾನಿ ಪರೀಕ್ಷೆ ಜೆಎಲ್‌ಪಿಟಿಯ ಮಟ್ಟ, ಎನ್5 ಸುಲಭ, ಎನ್1 ಕಷ್ಟ) ಆಗಿದೆ, ಬೆಂಗಳೂರಿನಲ್ಲಿ ಜಪಾನಿನ ಟೀಮ್‌ಗೂ ನಮ್ಮ ಟೀಮ್‌ಗೂ ನಡುವೆ ಮಾತು ದಾಟಿಸುವ ಕೆಲಸ.

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವಾಗ ಜಪಾನಿಗೆ 88 ವಾರ, 2200 ಗಂಟೆ ಕ್ಲಾಸು ಇಡುತ್ತದೆ. ಜರ್ಮನ್‌ಗೆ ಅದರ ಅರ್ಧವೂ ಇಲ್ಲ. ಎಲ್ಲರೂ ಈ ಪಟ್ಟಿ ತೋರಿಸಿ ಹೆದರಿಸುತ್ತಾರೆ. ಆದರೆ ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ. ಕನ್ನಡದವರಿಗೆ ಚಿತ್ರ ಸ್ವಲ್ಪ ಬೇರೆ. "ನಾನು ನಾಳೆ ರೈಲಿನಲ್ಲಿ ಮೈಸೂರಿಗೆ ಹೋಗುತ್ತೇನೆ" ಅನ್ನುವ ವಾಕ್ಯವನ್ನು ಜಪಾನಿಯಲ್ಲಿ ಹೇಳಲು ಪದಗಳನ್ನು ಹಿಂದೆ ಮುಂದೆ ಮಾಡಬೇಕಿಲ್ಲ. ರೈಲಿನಲ್ಲಿ, ಮೈಸೂರಿಗೆ ಅನ್ನುವಾಗ ನಾವು ಪದದ ಹಿಂದೆ ಪ್ರತ್ಯಯ ಅಂಟಿಸುವ ಹಾಗೆಯೇ ಅವರೂ ಅಂಟಿಸುತ್ತಾರೆ. ಪ್ರಶ್ನೆ ಕೇಳಲು ಕೊನೆಗೆ "ಕಾ" ಹಾಕಿದರೆ ಆಯಿತು. "ಕಿತೆ" ಬೇರೆ, "ಕಿತ್ತೆ" ಬೇರೆ ಅನ್ನುವುದು ಇಂಗ್ಲಿಷಿನವರ ಕಿವಿಗೆ ಬೀಳುವುದೇ ಇಲ್ಲ. ನಮಗೆ ಅಜ್ಜಿ ತಾತನ ಕಾಲದಿಂದ ಒತ್ತಕ್ಷರ ಅಭ್ಯಾಸ. ಜಪಾನಿಯ ಹಿರಗಾನ, ಕಾತಾಕಾನ ಎರಡೂ ಲಿಪಿಗಳಲ್ಲಿ ತಲಾ 46 ಮೂಲ ಅಕ್ಷರ, ಅದೂ ಅ ಇ ಉ ಎ ಒ, ಕ ಕಿ ಕು ಕೆ ಕೊ ಅಂತ ಸಾಗುತ್ತದೆ. ಆ ಜೋಡಣೆಯ ಬೇರು ಸಂಸ್ಕೃತದ ವರ್ಣಮಾಲೆಯಲ್ಲೇ ಇದೆ.

ಇಷ್ಟೆಲ್ಲಾ ಕೇಳಿ ಖುಷಿಯಾಗಬೇಡಿ. ಕಾಂಜಿ ಇದೆ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ದಿನಬಳಕೆಯ ಅಧಿಕೃತ ಪಟ್ಟಿಯಲ್ಲೇ 2136. ಎಷ್ಟೋ ಅಕ್ಷರಗಳಿಗೆ ಎರಡು ಮೂರು ಉಚ್ಚಾರ. ಇಲ್ಲಿ ಕನ್ನಡವೂ ಕೈ ಹಿಡಿಯುವುದಿಲ್ಲ, ಕಾಗುಣಿತವೂ ಹಿಡಿಯುವುದಿಲ್ಲ. ಎನ್5, ಎನ್4 ಡಿಗ್ರಿ ಜೊತೆಗೆ ಆರಾಮ. ಅಲ್ಲಿಂದ ಎನ್3ಕ್ಕೆ ಹೋಗುವ ದಾರಿಯಲ್ಲೇ ಹೆಚ್ಚಿನವರು ಕೈಬಿಡುತ್ತಾರೆ. ಕಂಪನಿಗಳು ಭಾಷೆಗಾಗಿ ಸಂಬಳ ಜಾಸ್ತಿ ಕೊಡುವುದು ಹೆಚ್ಚಾಗಿ ಎನ್3, ಎನ್2ದಿಂದ ಶುರು. ಅಂದರೆ ಫಲ ಸಿಗುವ ಜಾಗ ಸುಸ್ತಾಗುವ ಜಾಗದ ಆಚೆ ಇದೆ.

ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ. ಜೆಎಲ್‌ಪಿಟಿ ಪರೀಕ್ಷೆ ವರ್ಷಕ್ಕೆ ಎರಡೇ ಸಲ, ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ. ನಿಮ್ಮ ಸೆಮಿಸ್ಟರ್ ಪರೀಕ್ಷೆಗಳು ಎಲ್ಲಿ ಬರುತ್ತವೆ ನೋಡಿಕೊಳ್ಳಿ. ಹೆಚ್ಚು ಕಡಿಮೆ ಅಲ್ಲೇ. ಇದು ಜಪಾನಿ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯ ಗೋಳು.

ಬೆಣ್ಣೆದೋಸೆ_ಮೆಕ್

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಸುಮ್ನೆ ಅಕ್ಕ, ನಿಜ ಹೇಳಬೇಕೆಂದರೆ ಜರ್ಮನಿ ಇಲ್ಲದಿದ್ದರೆ ಜರ್ಮನ್ ಕಲಿಯುತ್ತಿರಲಿಲ್ಲ. ನನಗೆ ಇಷ್ಟ ಇರುವುದು ಮೆಷಿನ್ ಮೇಲೆ. ಆದರೆ ಅದೇ ಕಾರಣ ಸಾಕಲ್ವಾ?

ಪಿಸ್ಟನ್ ಅಣ್ಣ, ಅರ್ಧ ಗಂಟೆ ಅಂತ ಸುಲಭವಾಗಿ ಹೇಳಿಬಿಟ್ಟಿರಿ. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು? ನನಗೆ ಡೆರ್, ಡೀ, ಡಾಸ್ ನೋಡಿಯೇ ತಲೆ ಸುತ್ತುತ್ತಿದೆ. ಮೇಜು ಗಂಡಂತೆ, ದೀಪ ಹೆಣ್ಣಂತೆ, ಹುಡುಗಿ ನಪುಂಸಕಲಿಂಗವಂತೆ! ಇದಕ್ಕೆ ಲಾಜಿಕ್ ಏನು?

ಪಿಸ್ಟನ್_ರಿಂಗ್

ಲಾಜಿಕ್ ಹುಡುಕಬೇಡ. ಪದದ ಜೊತೆಗೇ ಲಿಂಗ ಬಾಯಿಪಾಠ ಮಾಡು, ಬೇರೆ ದಾರಿ ಇಲ್ಲ. ಹುಡುಗಿಯದಕ್ಕೆ ಮಾತ್ರ ಕಾರಣ ಇದೆ, "ಷೆನ್" ಅಂತ ಮುಗಿಯುವ ಪುಟ್ಟತನದ ಪದಗಳೆಲ್ಲ ನಪುಂಸಕ. ಕನ್ನಡದಲ್ಲಿ ಮೇಜಿಗೆ ಲಿಂಗ ಕೊಡುವ ಕಷ್ಟ ನಮಗಿಲ್ಲ, ಅದಕ್ಕೇ ಇದು ಒಗ್ಗುವುದಿಲ್ಲ. ಹಿಂದಿಯವರಿಗೆ ಈ ವಿಷಯದಲ್ಲಿ ಆಶ್ಚರ್ಯ ಆಗುವುದಿಲ್ಲ.

ಆದರೆ ವಿಭಕ್ತಿ ಬಂದಾಗ ನೀನೇ ಮುಂದೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಡೇಟಿವ್ ಅರ್ಥ ಮಾಡಿಸಲು ಟೀಚರ್ ಪಡುವ ಪಾಡು ನೋಡಬೇಕು. ನಮಗೆ ಅದು ಚತುರ್ಥಿ, "ಗೆ, ಕ್ಕೆ". "ನನಗೆ ಚಳಿ" ಅಂತ ನಾವು ಹೇಳುವ ಹಾಗೆಯೇ ಅವರೂ "ಮಿರ್ ಇಸ್ಟ್ ಕಾಲ್ಟ್" ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಯೋಚಿಸಿ ಜರ್ಮನ್‌ಗೆ ಹೋಗುವವನು "ನಾನು ಚಳಿ" ಅಂತ ಹೇಳಿ ಎಡವುತ್ತಾನೆ. "ಯಾಕೆಂದರೆ" ಅಂತ ಶುರುವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದೂ ನಿನಗೆ ಸಹಜವಾಗೇ ಬರುತ್ತದೆ. ಹಾಗಾಗಿ ನೋಟ್ಸ್ ಕನ್ನಡದಲ್ಲೇ ಬರೆದುಕೋ. ಇಂಗ್ಲಿಷ್ ಮೂಲಕ ಸುತ್ತಿ ಬರುವ ಕೆಲಸ ಉಳಿಯುತ್ತದೆ.

ಅರ್ಧ ಗಂಟೆ ಹೇಗೆ ಅಂದರೆ: ಹತ್ತು ನಿಮಿಷ ಆಂಕಿ (Anki) ಅನ್ನುವ ಆ್ಯಪ್‌ನಲ್ಲಿ ಪದಗಳು. ಆಂಡ್ರಾಯ್ಡ್‌ನಲ್ಲಿ ಉಚಿತ. ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಪದ ಮತ್ತೆ ಮುಂದೆ ಬರುತ್ತದೆ. ಇದನ್ನು ಬಸ್ಸಿನಲ್ಲಿ, ಕ್ಯಾಂಟೀನ್ ಕ್ಯೂನಲ್ಲಿ ಮುಗಿಸು. ಉಳಿದ ಇಪ್ಪತ್ತು ನಿಮಿಷ ಪಾಠ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ಉಚಿತ ವಿಡಿಯೊ ಕೋರ್ಸ್ ಎ1ರಿಂದ ಬಿ1ವರೆಗೆ ಇದೆ. ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲೂ ಜರ್ಮನ್ ಕೋರ್ಸ್ ಇದೆ. ಪಾಠ ಕೇಳಲು ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಕಟ್ಟಬೇಕು.

ಎ1 ಮಟ್ಟ ನೀನೇ ಮಾಡಿಕೋ. ದುಡ್ಡು ಖರ್ಚು ಮಾಡುವುದಿದ್ದರೆ ಎ2 ಆದ ಮೇಲೆ, ಮಾತಾಡುವ ಅಭ್ಯಾಸಕ್ಕೆ ಮಾಡು. ಆ್ಯಪ್ ಎಷ್ಟೇ ಒಳ್ಳೆಯದಿದ್ದರೂ ಎದುರಿಗೆ ಕೂತು ತಿದ್ದುವವರು ಬೇಕು.

ಚಾಕ್‌ಪೀಸ್_ಮೇಷ್ಟ್ರು

ರೀಲ್ಸ್ ವಿಷಯ ಒಪ್ಪಿದೆ ಮೇಡಂ. ಉತ್ತರ ಇಲ್ಲ.

ಆದರೂ ಒಂದು ಷರತ್ತು. ಇಂಟರ್ನಲ್ಸ್ ವಾರ ಮತ್ತು ಸೆಮಿಸ್ಟರ್ ಪರೀಕ್ಷೆಯ ತಿಂಗಳಲ್ಲಿ ಹೊಸ ಪಾಠ ಬೇಡ. ಆ ಹತ್ತು ನಿಮಿಷದ ಪದಗಳು ಮಾತ್ರ ಇರಲಿ. ಪೂರ್ತಿ ಬಿಟ್ಟರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ, ಅದರಿಂದಲೇ ಬೇಸರ ಬರುವುದು. ರಜೆ ಬಂದಾಗ ದಿನಕ್ಕೆ ಎರಡು ಗಂಟೆ ಹಾಕಿ ಸರಿದೂಗಿಸಿಕೊಳ್ಳಿ. ಹೀಗೆ ಮಾಡುವುದಾದರೆ ನನ್ನ ಅಡ್ಡಿ ಇಲ್ಲ. ಯಾರು ಕೇಳಿದರು ಅನ್ನಬೇಡಿ.

ಕರಾವಳಿ_ಮಳೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷ. ನಿಮ್ಮ ಚರ್ಚೆ ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಿಮಗೆ ಜರ್ಮನ್ ಇದ್ದರೆ ಒಳ್ಳೆಯದು, ನಮಗೆ ಇಲ್ಲದಿದ್ದರೆ ಕೆಲಸವೇ ಇಲ್ಲ. ಜರ್ಮನಿಯಲ್ಲಿ ನರ್ಸ್ ಅಂತ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಬೇಕು. ಡಾಕ್ಟರ್‌ಗಳಿಗೆ ಇನ್ನೂ ಮೇಲೆ, ವೈದ್ಯಕೀಯ ಜರ್ಮನ್‌ನದೇ ಪ್ರತ್ಯೇಕ ಪರೀಕ್ಷೆ ಇದೆ.

ನಮಗೆ ನೈಟ್ ಡ್ಯೂಟಿ ಪೋಸ್ಟಿಂಗ್ ಇರುತ್ತದೆ. ದಿನಾ ಒಂದೇ ಹೊತ್ತಿಗೆ ಕೂರುವುದು ಕನಸಿನ ಮಾತು. ನಮ್ಮ ಬ್ಯಾಚ್‌ನಲ್ಲಿ ನಾಲ್ಕು ಜನ ಸೇರಿ ವಾರ್ಡಿನಲ್ಲೇ ಜರ್ಮನ್ ಆಡುತ್ತೇವೆ. ಥರ್ಮಾಮೀಟರ್ ಕೊಡು, ಬ್ಯಾಂಡೇಜ್ ಎಲ್ಲಿದೆ, ಇವರಿಗೆ ನೋವಿದೆ, ಹೀಗೆ. ಸಿಸ್ಟರ್ ಬೈಯುತ್ತಾರೆ, ರೋಗಿಗಳು ನಗುತ್ತಾರೆ. ಆದರೆ ಪುಸ್ತಕ ಮುಚ್ಚಿದ ಮೇಲೂ ಉಳಿದಿದ್ದು ಆ ಮಾತುಗಳೇ. ನೀವು ವರ್ಕ್‌ಶಾಪ್‌ನಲ್ಲಿ ಯಾಕೆ ಮಾಡಬಾರದು? ಸುತ್ತಿಗೆ, ಸ್ಕ್ರೂ, ಲೇತ್ ಎಲ್ಲದರ ಹೆಸರು ಜರ್ಮನ್‌ನಲ್ಲಿ ಕಲಿಯಿರಿ. ಮೇಜಿನ ಲಿಂಗಕ್ಕಿಂತ ನಿಮಗೆ ಅದು ಬೇಗ ಹತ್ತುತ್ತದೆ.

ಪಿಸ್ಟನ್_ರಿಂಗ್

ಇದು ನನಗೆ ಹೊಳೆದೇ ಇರಲಿಲ್ಲ. ಬೆಣ್ಣೆದೋಸೆ, ಈ ಅಕ್ಕ ಹೇಳಿದ್ದನ್ನು ಇವತ್ತೇ ಶುರು ಮಾಡು. ಇಲ್ಲಿ ಇಂಟರ್‌ವ್ಯೂನಲ್ಲಿ ನನ್ನನ್ನು ಕೇಳಿದ್ದು ಹವಾಮಾನ, ಹವ್ಯಾಸ ಅಲ್ಲ, ಬೇರಿಂಗ್ ಯಾಕೆ ಬಿಸಿಯಾಗುತ್ತದೆ ಅಂತ.

ರಸೀದಿ_ಪುಸ್ತಕ

ದುಡ್ಡಿನ ಲೆಕ್ಕ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ನನ್ನ ಮಗಳನ್ನು ಕಳಿಸಿದವನು ನಾನು, ಎಲ್ಲ ರಸೀದಿ ಇಟ್ಟಿದ್ದೇನೆ.

ಜರ್ಮನಿಯಲ್ಲಿ ಸರ್ಕಾರಿ ವಿವಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಹಾಗಂತ ಎಲ್ಲ ಕಡೆ ಇಲ್ಲ ಅಂದುಕೊಳ್ಳಬೇಡಿ. ಬಾಡೆನ್ ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯುರೋ ಹಾಕಿತು. ಸ್ಟುಟ್‌ಗಾರ್ಟ್ ಅಲ್ಲೇ ಬರುತ್ತದೆ, ಪಿಸ್ಟನ್ ಅವರಿಗೆ ಗೊತ್ತಿರುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿವಿಯೂ 2024ರಿಂದ ಶುಲ್ಕ ಶುರು ಮಾಡಿದೆ. ಅದರ ಮೇಲೆ ಭಾರತದವರು ತಮ್ಮ ಅಂಕಪಟ್ಟಿ ಅಸಲಿ ಅಂತ ದೃಢೀಕರಿಸುವ ಎಪಿಎಸ್ ಸರ್ಟಿಫಿಕೇಟ್ ಮಾಡಿಸಬೇಕು, 2022ರ ನವೆಂಬರ್‌ನಿಂದ ಕಡ್ಡಾಯ. ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷದ ಖರ್ಚು ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದು 11,904 ಯುರೋಗೆ ಏರಿತು.

ಇಷ್ಟೆಲ್ಲಾ ಮುಂದಿರುವಾಗ ಈಗಲೇ 45 ಸಾವಿರವನ್ನು ಮೂರು ತಿಂಗಳ ಕೋಚಿಂಗ್‌ಗೆ ಸುರಿಯುವುದು ಯಾವ ಜಾಣತನ? ಆ ದುಡ್ಡು ಮುಂದೆ ಪರೀಕ್ಷಾ ಫೀಸಿಗೆ ಬೇಕಾಗುತ್ತದೆ.

ಬೆಣ್ಣೆದೋಸೆ_ಮೆಕ್

ಸರ್, ಪರೀಕ್ಷೆ ಅಂದಿದ್ದಕ್ಕೆ ಕೇಳುತ್ತಿದ್ದೇನೆ. ಪ್ರತಿ ಮಟ್ಟಕ್ಕೂ ಪರೀಕ್ಷೆ ಬರೆಯಬೇಕಾ? ಎ1 ಮುಗಿದ ತಕ್ಷಣ ಬರೆದುಬಿಟ್ಟರೆ ರೆಸ್ಯೂಮೆಗೆ ಒಂದು ಸಾಲು ಸಿಗುತ್ತದಲ್ವಾ?

ಕಾಗುಣಿತ

ನಾನು ಜಪಾನಿ ಕಲಿತವನಾದರೂ ಇದಕ್ಕೆ ಹೇಳಬಲ್ಲೆ. ಎ1 ಅನ್ನುವ ಸಾಲು ನೋಡಿ ಯಾವ ಎಚ್ಆರ್ ಕೂಡ ಎದ್ದು ಕೂರುವುದಿಲ್ಲ. ಎನ್5ದೂ ಅದೇ ಕಥೆ. ನಿನಗೆ ಹುರುಪು ಬೇಕಾದರೆ ಬರೆ, ಸಾಲಿಗಾಗಿ ಬೇಡ.

ಪಿಸ್ಟನ್_ರಿಂಗ್

ಕಾಗುಣಿತ ಹೇಳಿದ್ದು ಸರಿ. ಇನ್ನೊಂದು ಕಾರಣವೂ ಇದೆ. ಗೊಯ್ಥೆ ಸರ್ಟಿಫಿಕೇಟ್ ಮೇಲೆ ಮುಗಿಯುವ ದಿನಾಂಕ ಇರುವುದಿಲ್ಲ, ನಿಜ. ಆದರೆ ಕೇಳುವವರು ಎಷ್ಟೋ ಸಲ ಎರಡು ವರ್ಷಕ್ಕಿಂತ ಹಳೆಯದು ಬೇಡ ಅನ್ನುತ್ತಾರೆ. ನಾಲ್ಕನೇ ಸೆಮ್‌ನಲ್ಲಿ ಬರೆದದ್ದು ನೀನು ಅರ್ಜಿ ಹಾಕುವ ಹೊತ್ತಿಗೆ ಹಳಸಿರಬಹುದು. ನೇರವಾಗಿ ಬಿ1ಕ್ಕೆ ಏಳನೇ ಸೆಮ್ ಸುತ್ತಮುತ್ತ ಕೂರು. ಅದಕ್ಕೆ ಮೊದಲಿನ ಮಟ್ಟಗಳ ಸರ್ಟಿಫಿಕೇಟ್ ಕೇಳುವುದಿಲ್ಲ.

ಬಿ1ರಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಒಂದೊಂದರಲ್ಲೂ ನೂರಕ್ಕೆ 60 ಬರಬೇಕು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ಒಂದೇ ದಿನ ನಾಲ್ಕನ್ನೂ ಬರೆಯಲೇಬೇಕು ಅಂತಲೂ ಇಲ್ಲ. ಸೆಮಿಸ್ಟರ್ ಪರೀಕ್ಷೆ ಇರುವವರಿಗೆ ಇದು ದೊಡ್ಡ ಅನುಕೂಲ. ಜೆಎಲ್‌ಪಿಟಿಯಲ್ಲಿ ಇದಿಲ್ಲ, ಪಾಪ. ಅಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ.

ಕಾಗುಣಿತ

ಪಾಪ ಅನ್ನಬೇಡಿ. ಮಾತಾಡುವ ಪರೀಕ್ಷೆ ಇಲ್ಲ ಅಂತಲೇ ನಾನು ಪಾಸಾಗಿದ್ದು.

ಸುಮ್ನೆ_ಕಲಿಯೋಳು

😂 ಕೊರಿಯನ್‌ನ ಟೋಪಿಕ್ ಪರೀಕ್ಷೆಯ ಅಂಕ ಎರಡೇ ವರ್ಷಕ್ಕೆ ಮುಗಿಯುತ್ತದೆ, ಅದು ಕಾನೂನೇ. ಅದಕ್ಕೇ ನಾನು ಬರೆಯುವ ಗೋಜಿಗೇ ಹೋಗಿಲ್ಲ.

ಹಾಂ, ಇನ್ನೊಂದು. 2022ರಲ್ಲಿ ಯುಜಿಸಿ ಒಂದೇ ಸಲ ಎರಡು ಕೋರ್ಸ್ ಓದಲು ಅನುಮತಿ ಕೊಟ್ಟಿದೆ, ಕ್ಲಾಸಿನ ಸಮಯ ಒಂದರ ಮೇಲೊಂದು ಬೀಳಬಾರದು ಅಷ್ಟೇ. ವಿವಿಗಳ ಭಾಷಾ ಡಿಪ್ಲೊಮಾ ಮಾಡುವ ಯೋಚನೆ ಇರುವವರು ತಮ್ಮ ಕಾಲೇಜಿನಲ್ಲಿ ಕೇಳಿ ನೋಡಿ. ಬೆಂಗಳೂರಿನವರಿಗೆ ಆಯ್ಕೆ ಜಾಸ್ತಿ. ಫ್ರೆಂಚ್‌ಗೆ ಅಲಿಯಾನ್ಸ್ ಫ್ರಾನ್ಸೇಸ್, ಜರ್ಮನ್‌ಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ಅಂದರೆ ಗೊಯ್ಥೆ ಇನ್‌ಸ್ಟಿಟ್ಯೂಟ್‌. ನಮ್ಮೂರುಗಳಲ್ಲಿ ಆನ್‌ಲೈನೇ ಗತಿ.

ಬೆಣ್ಣೆದೋಸೆ_ಮೆಕ್

ಕೋಚಿಂಗ್‌ನವರಿಗೆ ಇವತ್ತು ಬೇಡ ಅಂದೆ. "ಆಫರ್ ಇವತ್ತು ರಾತ್ರಿಗೆ ಮುಗಿಯುತ್ತದೆ, 30 ಸಾವಿರಕ್ಕೆ ಕೊಡುತ್ತೇವೆ" ಅಂದರು. ನೆನ್ನೆ 45 ಇತ್ತು!

ಅಪ್ಪನಿಗೆ ಮೇಷ್ಟ್ರ ಸೂತ್ರ ತೋರಿಸಿದೆ. ಸಿಜಿಪಿಎ 8ಕ್ಕಿಂತ ಕೆಳಗೆ ಹೋದರೆ ಜರ್ಮನ್ ಬಂದ್ ಅನ್ನುವ ಒಪ್ಪಂದ ಆಗಿದೆ. ನಾಡಿದ್ದು ಸೋಮವಾರದಿಂದ ಶುರು. ದಾವಣಗೆರೆ ಸುತ್ತ ಯಾರಾದರೂ ಎ1 ಕಲಿಯುತ್ತಿದ್ದರೆ ಹೇಳಿ, ಜೊತೆಗೆ ಮಾತಾಡಿ ಅಭ್ಯಾಸ ಮಾಡಬಹುದು.

ತುಂಗಭದ್ರೆ_ದಡ

ನಾನು ಹರಿಹರ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಸೇರಿದ್ದೇನೆ, ಎ1 ಅರ್ಧ ಆಗಿದೆ. ಲಿಂಗ ನನಗೂ ಬರುವುದಿಲ್ಲ. ಸಂಜೆ ಏಳರ ಮೇಲೆ ಫ್ರೀ ಇರುತ್ತೇನೆ, ಮೆಸೇಜ್ ಹಾಕಿ. ಇಂಟರ್ನಲ್ಸ್ ವಾರ ಮಾತ್ರ ಸಿಗುವುದಿಲ್ಲ.